ಜುಲೈ ತಿಂಗಳ ನೆರಳು

ಒಡೆಸ್ಸಾ ಪ್ರೂಯಿಟ್ ದಕ್ಷಿಣದ ಗಾಜಿನ ಗೋಡೆಯ ಹಿಂದೆ ಗಾಲಿಕುರ್ಚಿಯಲ್ಲೇ ಸತ್ತಿದ್ದರು. ಮುಖ, ಕೈ, ಮೊಣಕಾಲು—ಎಲ್ಲೆಲ್ಲೂ ಬಿಸಿಲಿಗೆ ಬೊಬ್ಬೆ ಎದ್ದಿತ್ತು.

"ಈ ಮನೆ ನಕ್ಷೆ ಬರೆದಿದ್ದು ಯಾರು?" ಪತ್ತೇದಾರ ಡೆಲ್ಗಾಡಿಯೊ ಕೇಳಿದರು.

"ನಾನೇ ಸಾರ್."

ಪಾಮ್ ಸ್ಪ್ರಿಂಗ್ಸ್ ಮರುಭೂಮಿಯ ಜುಲೈ ಬಿಸಿಲಿಗೆ ಸೂರು ಎಷ್ಟಡಿ ಚಾಚಬೇಕೆಂಬ ಲೆಕ್ಕ ನನ್ನದು. ಸಂಜೆ ತರಗತಿಯಲ್ಲಿ ಕಲಿತದ್ದು. ಅದು ತಪ್ಪಿದ್ದರೆ? ಆಕೆಯನ್ನು ಕೊಂದವನು ನಾನೇ.

"ಗಾಜಿನ ಪೆಟ್ಟಿಗೆ ಕಟ್ಟಿ ನಮ್ಮತ್ತೇನ ಬೇಯಿಸಿಬಿಟ್ಯಲ್ಲೋ!" ಆಕೆಯ ಅಣ್ಣನ ಮಗ ಕ್ಲಿಫರ್ಡ್ ನನ್ನ ಮೇಲೆ ಏರಿಬಂದ.

ಡೆಲ್ಗಾಡಿಯೊ ಅಡ್ಡ ನಿಂತರು. "ನೀವು ಎಷ್ಟೊತ್ತಿಗೆ ಹೊರಗೆ ಹೋದ್ರಿ?"

"ಮಧ್ಯಾಹ್ನ ಹನ್ನೆರಡಕ್ಕೆ. ಆಗ್ಲೇ ಬಿಸಿಲು ಅತ್ತೆ ತೊಡೆ ಮೇಲಿತ್ತು. ಕುರ್ಚಿ ಸರಿಸ್ಲಾ ಅಂದೆ. ಬೇಡ, ಹಿತವಾಗಿದೆ ಅಂದ್ರು. ಮೂರಕ್ಕೆ ಬಂದು ನೋಡಿದ್ರೆ—"

"ಕುರ್ಚಿ ಇಲ್ಲೇ ಇತ್ತಾ?"

"ಒಂದಿಂಚೂ ಅಲುಗಿರ್ಲಿಲ್ಲ."

"ಇಲ್ಲಿಗೆ ಆಗಾಗ ಬರ್ತೀರಾ?"

"ಪ್ರತಿ ಕ್ರಿಸ್‌ಮಸ್‌ಗೆ. ಬೇಸಿಗೇಲಿ ಈ ಕುಲುಮೆಗೆ ಯಾರು ಬರ್ತಾರೆ? ಮನೆ ಮಾರಿಬಿಡಿ ಅಂತ ಹೇಳೋಕೆ ಈ ಸಲ ಬಂದೆ. ಅವರು ಕೇಳಲೇ ಇಲ್ಲ."

ಮರುದಿನ ನಡುಹಗಲು ಡೆಲ್ಗಾಡಿಯೊ ಖಾಲಿ ಕುರ್ಚಿಯನ್ನು ಅದೇ ಜಾಗದಲ್ಲಿ ಇರಿಸಿದರು. ಕ್ಲಿಫರ್ಡ್‌ನನ್ನೂ ಕರೆಸಿದ್ದರು. ನಾನು ಮಂಡಿಯೂರಿ ಅಳೆದೆ. ಸೂರಿನ ನೆರಳು ಗಾಜಿನಿಂದ ಹೊರಗೆ ನಾಲ್ಕಡಿವರೆಗೂ ಹಬ್ಬಿತ್ತು. ಒಳಗೆ ಒಂದು ಗೆರೆ ಬಿಸಿಲಿಲ್ಲ.

"ಇನ್ನೊಂದ್ಸಲ ಅಳೀಲಾ ಸಾರ್?"

"ಮೂರು ಸಲ ಆಯ್ತಲ್ಲಯ್ಯ! ಟೇಪೇ ಸವೆದುಹೋಗುತ್ತೆ."

ಕ್ಲಿಫರ್ಡ್ ನಗಲಿಲ್ಲ. ಡೆಲ್ಗಾಡಿಯೊ ಅವನತ್ತ ತಿರುಗಿದರು.

"ಚಳಿಗಾಲದಲ್ಲಿ ಸೂರ್ಯ ತಗ್ಗಿನಲ್ಲಿ ಹೋಗ್ತಾನೆ. ಬಿಸಿಲು ಸೂರಿನಡಿ ನುಗ್ಗಿ ಈ ಕುರ್ಚಿವರೆಗೂ ಬರುತ್ತೆ. ನೀವು ಕಂಡಿದ್ದು ಅದೊಂದೇ ಬಿಸಿಲು. ಡಿಸೆಂಬರ್‌ನಲ್ಲೇ ಇಷ್ಟಾದ್ರೆ ಜುಲೈನಲ್ಲಿ ಇನ್ನೆಷ್ಟಿರುತ್ತೋ ಅಂದ್ಕೊಂಡ್ರಿ. ಜುಲೈನಲ್ಲಿ ಸೂರ್ಯ ನೆತ್ತಿ ಮೇಲೆ. ಇಲ್ಲಿ ವರ್ಷವಿಡೀ ಇರೋ ಯಾರಿಗಾದ್ರೂ ಇದು ಗೊತ್ತು. ನಿಮ್ಮತ್ತೆ ಸುಟ್ಟುಹೋಗಿದ್ದು ಹೊರಗೆ. ಒಳಗೆ ತಂದಿಟ್ಟಿದ್ದು ನೀವು."

ಕ್ಲಿಫರ್ಡ್ ಗಾಜಿನಾಚೆಯ ಈಜುಕೊಳವನ್ನೇ ನೋಡುತ್ತಿದ್ದ.

"ಅಲ್ಲಿ ಬಿಟ್ಟಿದ್ದೆ," ಎಂದ ಕೊನೆಗೆ. "ಬ್ರೇಕ್ ಹಾಕಿ."

"ಅವರ ಬೆರಳಿಗೆ ಅದನ್ನ ಬಿಚ್ಚೋ ಶಕ್ತಿ ಇರ್ಲಿಲ್ಲ, ಅಲ್ವಾ?"

ಕ್ಲಿಫರ್ಡ್ ಹೌದೆಂದು ತಲೆಯಾಡಿಸಿದ.

ಅವನನ್ನು ಕರೆದೊಯ್ದ ಮೇಲೆ ನಾನು ಕೊಳದ ಬಳಿಗೆ ಹೋದೆ. ನನ್ನ ಲೆಕ್ಕ ತಪ್ಪಿರಲಿಲ್ಲ. ಆದರೂ ಟೇಪು ಬಿಚ್ಚಿದೆ. ಆಕೆ ಇದ್ದ ಜಾಗದಿಂದ ನನ್ನ ಸೂರಿನ ನೆರಳಿನ ಅಂಚಿಗೆ ಒಂಬತ್ತೇ ಅಡಿ. ಮೂರು ಗಂಟೆ ಹೊತ್ತು ಆಕೆ ಅದನ್ನೇ ನೋಡುತ್ತ ಕುಳಿತಿರಬೇಕು.