ಇಪ್ಪತ್ತನಾಲ್ಕು ಚಾಕಲೇಟ್ ಮೊಟ್ಟೆಗಳು

ಕೋಕೋ ಡಬ್ಬಿಯ ಮುಚ್ಚಳವನ್ನು ಚಮಚದ ಹಿಡಿಯಿಂದ ಮೀಟಿದಾಗ ಏಳುವ ಕಹಿಗಂಪು ಮೂಗಿಗೆ ತಾಗಿದರೆ ಸಾಕು, ಪೌಲಿನ್ ಏಳು ವರ್ಷದ ಹುಡುಗಿಯಾಗಿಬಿಡುತ್ತಿದ್ದಳು. ವಿರಾಜಪೇಟೆಯಲ್ಲಿ ಅವಳ ಅಪ್ಪ ಪಾದ್ರಿಗಳ ಮನೆಯ ಅಡುಗೆಯವನು. ಈಸ್ಟರಿನ ಹಿಂದಿನ ದಿನ ಡಬ್ಬಿಯ ತಳ ಕೆರೆದು, ಬಂದಷ್ಟು ಪುಡಿಯನ್ನು ಬೆಣ್ಣೆ ಸಕ್ಕರೆಯಲ್ಲಿ ಕಲಸಿ, ಮೊಟ್ಟೆಯ ಆಕಾರ ಮಾಡಿ ಮಗಳ ಅಂಗೈಯಲ್ಲಿಡುತ್ತಿದ್ದ. ಅದೇ ವಾಸನೆ ಒಂದು ಬೆಳಿಗ್ಗೆ ತನ್ನ ಮೈಯೆಲ್ಲ ಉರಿಸೀತೆಂದು ಅವಳು ಎಣಿಸಿರಲಿಲ್ಲ.

ಕೊಡಗು ಇನ್ನೂ ತನ್ನದೇ ಪುಟ್ಟ ರಾಜ್ಯವಾಗಿದ್ದ ವರ್ಷಗಳು ಅವು. ಚೆಟ್ಟಳ್ಳಿ ಹತ್ತಿರ ದೇರಪ್ಪನವರ ಕಾಫಿ ಎಸ್ಟೇಟಿನಲ್ಲಿ ಪೌಲಿನ್ ನರ್ಸಾಗಿದ್ದಳು. ಡಿಸ್ಪೆನ್ಸರಿಯ ಪಕ್ಕದ ಕೋಣೆಯಲ್ಲಿ ಎಸ್ಟೇಟ್ ಶಾಲೆಯ ಟೀಚರ್ ವಿಶಾಲಾಕ್ಷಮ್ಮ ಇದ್ದರು. ಶಿರಂಗಾಲದ ಒಕ್ಕಲು ಮನೆತನದ ವಿಧವೆ, ಅರವತ್ತು ಮುಟ್ಟಿದವರು. ಹಲ್ಲು ಉದುರಿದ್ದರೂ ನಾಲಿಗೆ ಹರಿತ. ಕಳೆದದ್ದು, ಕದ್ದದ್ದು, ಸುಳ್ಳು ಹೇಳಿದ್ದು ಏನೇ ಇರಲಿ, ಎಸ್ಟೇಟಿನವರು ಪೊಲೀಸರಿಗಿಂತ ಮೊದಲು ಆಕೆಯ ಬಾಗಿಲು ತಟ್ಟುತ್ತಿದ್ದರು. ಇಬ್ಬರು ಹೆಂಗಸರಿಗೂ ಒಂದೇ ಒಲೆ, ಒಂದೇ ಕಾಫಿ ಪಾತ್ರೆ.

ಆ ವರ್ಷ ಈಸ್ಟರಿನ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಪೌಲಿನ್ ಶಾಲೆಯ ಇಪ್ಪತ್ತನಾಲ್ಕು ಮಕ್ಕಳನ್ನು ಡಿಸ್ಪೆನ್ಸರಿಯ ಜಗುಲಿಯಲ್ಲಿ ಕೂರಿಸಿಕೊಂಡಿದ್ದಳು. ಬೆಂಕಿಯ ಗೋಜೇ ಇಲ್ಲದ ತಿಂಡಿ. ಬಿಸ್ಕತ್ತು ಕುಟ್ಟಿ ಪುಡಿಮಾಡಿ, ಕೋಕೋ, ಸಕ್ಕರೆ, ಬೆಣ್ಣೆ ಹಾಕಿ ನಾದುವುದು, ಮೊಟ್ಟೆ ಕಟ್ಟುವುದು, ತಂಪಿನಲ್ಲಿ ಇಡುವುದು, ಅಷ್ಟೇ. ಬೆಣ್ಣೆ ತಂದ ಬಂಗಲೆಯ ಅಡುಗೆಯವ ಕುಟ್ಟಪ್ಪನಿಗೆ ಮಾತ್ರ ಹೊಟ್ಟೆಕಿಚ್ಚು. "ಲೈನಿನ ಮಕ್ಕಳಿಗೆ ಬಂಗ್ಲೆ ಬೆಣ್ಣೆ! ಇನ್ನು ನಮ್ಮ ಸಾವ್ಕಾರ್ರು ಗಂಜಿ ಕುಡೀಬೇಕು" ಎಂದು ಗೊಣಗುತ್ತಲೇ ಹೋದ. ಲೈನೆಂದರೆ ಎಸ್ಟೇಟಿನ ಕೂಲಿಯಾಳುಗಳ ಸಾಲುಮನೆ.

ತೋರಿಸಲೆಂದು ಪೌಲಿನ್ ಕಟ್ಟಿದ ಮೊದಲ ಮೊಟ್ಟೆ ಸೊಟ್ಟಗಾಯಿತು.

"ನರ್ಸಮ್ಮ, ಇದು ಆಲೂಗಡ್ಡೆ!" ಎಂದು ಲೈನಿನ ಹತ್ತು ವರ್ಷದ ಚೋಮಿ ಕೂಗಿದಳು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಪೌಲಿನ್ ಅದನ್ನು ತನ್ನ ಕೋಣೆಯ ಟೀ ಕಪ್ಪಿನಲ್ಲಿ ಹಾಕಿಟ್ಟಳು. ಮಕ್ಕಳ ಇಪ್ಪತ್ತನಾಲ್ಕು ಮೊಟ್ಟೆಗಳು ಚೆನ್ನಾಗಿಯೇ ಬಂದವು. ಒಬ್ಬೊಬ್ಬರೂ ಲವಂಗದ ಮೊಗ್ಗು ಒತ್ತಿ ತಮ್ಮ ತಮ್ಮ ಗುರುತು ಮಾಡಿದರು. ಹಲಸಿನ ಎಲೆಯ ಮೇಲಿಟ್ಟ ಮೊಟ್ಟೆಗಳು ಡಿಸ್ಪೆನ್ಸರಿಯ ಹಿಂದಿನ ಜಾಲರಿ ಬೀರು ಸೇರಿದವು. ರೋಗಿಗಳು ಯಾವಾಗ ಬರುತ್ತಾರೋ ಎಂದು ಆ ಬಾಗಿಲಿಗೆ ಬೀಗ ಹಾಕುವ ಪದ್ಧತಿ ಇರಲಿಲ್ಲ. ಎಲ್ಲರೂ ಹೋದಮೇಲೂ ಚೋಮಿ ಉಳಿದು, ಹೇಳದೆಯೇ ಪಾತ್ರೆ ತೊಳೆದಿಟ್ಟು ಹೋದಳು. ಮುಸ್ಸಂಜೆ ಪೌಲಿನ್ ಜ್ವರದ ಮಕ್ಕಳಿಗೆ ಔಷಧಿ ಕೊಡಲು ಹೊರಟಳು.

ಭಾನುವಾರ ಬೆಳಿಗ್ಗೆ ಏಳಕ್ಕೆ ಪೌಲಿನ್ ಬೀರು ತೆಗೆದರೆ ಬರಿಯ ಎಲೆಗಳು.

ಅವಳು ಅಯ್ಯೋ ಅನ್ನುವಷ್ಟರಲ್ಲಿ ಎಸ್ಟೇಟ್ ರೈಟರ್ ನಾಗರಾಜು ಬಾಗಿಲಲ್ಲಿ ನಿಂತಿದ್ದ. ಹಾಜರಿ ಬರೆಯುವುದು, ದೇರಪ್ಪನವರ ಪತ್ರಗಳನ್ನು ಟೈಪು ಮಾಡುವುದು ಅವನ ಕೆಲಸ. ಭಾನುವಾರವೂ ಕೋಟು ಬಿಚ್ಚದ ಮನುಷ್ಯ. "ಕೊನೆಗೆ ಹೋದವರು ಯಾರು ಸಿಸ್ಟರ್?" ಎಂದು ಕೇಳಿದ. ಪೌಲಿನ್ ಯೋಚಿಸದೆ "ಚೋಮಿ" ಅಂದುಬಿಟ್ಟಳು. ಆ ಒಂದು ಮಾತಿಗಾಗಿ ಅವಳು ಆಮೇಲೆ ನಾಲಿಗೆ ಕಚ್ಚಿಕೊಂಡಳು.

ನಾಗರಾಜು ಮೇಸ್ತ್ರಿ ಸಣ್ಣಸ್ವಾಮಿಯನ್ನೂ ಕುಟ್ಟಪ್ಪನನ್ನೂ ಕರೆದುಕೊಂಡು ಲೈನಿಗೆ ನಡೆದ. ಪೌಲಿನ್ ಹಿಂದೆಯೇ ಓಡಿದಳು. ಚೋಮಿಯ ತಾಯಿ ಮಾರಿಯ ಮನೆ ಒಂದೇ ಕೋಣೆ. ಮೇಸ್ತ್ರಿ ಮಡಕೆ ಕುಡಿಕೆಗಳನ್ನೆಲ್ಲ ಅಂಗಳಕ್ಕೆ ಎಸೆದ. ಪೌಲಿನ್ ಚೋಮಿಯ ಕೈ ಹಿಡಿದು, ಅವಳ ಉಗುರಿನ ಸಂದಿಯ ಕೋಕೋ ನೋಡಿ, "ಚೋಮಿ, ನೀನೇನಾದ್ರೂ..." ಎಂದು ಕೇಳಿಯೂಬಿಟ್ಟಳು. ಹುಡುಗಿ ಇಲ್ಲವೆಂದು ತಲೆಯಾಡಿಸಿದಳು, ಅಳಲಿಲ್ಲ.

ಉರಿಯುವ ಒಲೆಯ ಮೇಲೆ, ಜಂತಿಗೆ ಹಗ್ಗದಲ್ಲಿ ಚೋಮಿಯ ಶಾಲೆಯ ಚೀಲ ತೂಗುತ್ತಿತ್ತು. ಮೇಸ್ತ್ರಿ ಅದನ್ನು ಇಳಿಸಿದ. "ಇಲ್ಲಿ ಕೊಡು" ಎಂದು ನಾಗರಾಜು ಕಸಿದುಕೊಂಡು, ಬಾಯಿ ಬಿಚ್ಚಿ ಇಣುಕಿ, "ಕತ್ತಲೆ, ಕಾಣಿಸ್ತಿಲ್ಲ. ನೀನು ನೋಡು" ಎಂದು ಕುಟ್ಟಪ್ಪನಿಗೆ ದಾಟಿಸಿದ. ಕುಟ್ಟಪ್ಪ ಕೈ ಹಾಕಿದ. ಸ್ಲೇಟಿನ ಕೆಳಗಿಂದ ಒಂದು ಚಾಕಲೇಟ್ ಮೊಟ್ಟೆ ಬಂತು.

ಪೌಲಿನ್ ಅದನ್ನು ಕೈಗೆ ತೆಗೆದುಕೊಂಡಳು. ದುಂಡಗೆ ಗಟ್ಟಿಯಾಗಿತ್ತು, ಲವಂಗದ ಹೂವಿನ ಗುರುತು ಈಗ ತಾನೇ ಒತ್ತಿದಂತಿತ್ತು. ಮೂಗಿನ ಹತ್ತಿರ ತಂದರೆ ಕೋಕೋ ಜೊತೆಗೆ ಇನ್ನೇನೋ ಘಾಟು. ತನ್ನ ಕೈಯ ಔಷಧಿ ವಾಸನೆಯೆಂದುಕೊಂಡಳು.

"ನನ್ನ ಮಗಳು ಕದ್ದಿಲ್ಲ ದಣಿ" ಎಂದಳು ಮಾರಿ.

"ಮೊಟ್ಟೆ ಕಾಲು ಬಂದು ನಡಕೊಂಡು ಬಂತಾ?" ಎಂದ ನಾಗರಾಜು. "ಸಂಜೆಯೊಳಗೆ ಲೈನು ಖಾಲಿ ಮಾಡು. ಶಾಲೆಯಿಂದಲೂ ಹೆಸರು ಹೊಡೆದು ಹಾಕಿಸ್ತೀನಿ."

ಅಲ್ಲೇ ಇದ್ದದ್ದು ಕುತ್ತು. ಮಡಿಕೇರಿಯ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಎಸ್ಟೇಟಿನಿಂದ ಒಬ್ಬ ಹುಡುಗಿಯನ್ನು ಕಳಿಸಬಹುದಿತ್ತು. ಟೀಚರಮ್ಮ ಚೋಮಿಯನ್ನು ಆರಿಸಿದ್ದರು. ದೇರಪ್ಪನವರ ಸಹಿ ಬಿದ್ದು ಪತ್ರ ಇವತ್ತು ಮಧ್ಯಾಹ್ನದ ಜೀಪಿನಲ್ಲೇ ಹೋಗಬೇಕಿತ್ತು. ನಾಳೆಯೇ ಕೊನೆಯ ದಿನ.

ಪೌಲಿನ್ ಮೊಟ್ಟೆ ಹಿಡಿದುಕೊಂಡೇ ವಿಶಾಲಾಕ್ಷಮ್ಮನ ಕೋಣೆಗೆ ನುಗ್ಗಿದಳು. "ಅಕ್ಕಾ, ಅದು ಕುಟ್ಟಪ್ಪನದೇ ಕೆಲಸ! ಬೆಣ್ಣೆ ಕೊಟ್ಟ ಉರಿ! ಚೀಲಕ್ಕೆ ಕೈ ಹಾಕಿದವನೂ ಅವನೇ!"

"ಕೂಗಾಡಿದ್ರೆ ಕಳ್ಳ ಹೆದರಲ್ಲ ಕಣವ್ವ, ಎಚ್ಚರ ಆಗ್ತಾನೆ" ಎಂದು ವಿಶಾಲಾಕ್ಷಮ್ಮ ಕನ್ನಡಕ ಹಾಕಿಕೊಂಡರು. ಮೊಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿದರು, ಮೂಸಿದರು, ಇನ್ನೊಮ್ಮೆ ಮೂಸಿದರು. ಆಮೇಲೆ ಲೈನಿಗೆ ಹೋಗಿ, ಅಂಗಳದಲ್ಲಿ ಚೆಲ್ಲಿದ ಮಡಕೆಗಳ ನಡುವೆ ಕುಕ್ಕರುಗಾಲಲ್ಲಿ ಕೂತರು.

"ಮಾರಿ, ಚೀಲ ಯಾವಾಗಿಂದ ಅಲ್ಲಿ ತೂಗ್ತಿತ್ತು?"

"ನಿನ್ನೆ ಮಧ್ಯಾನ ಶಾಲೆ ಬಿಟ್ಟು ಬಂದ ಕೂಡ್ಲೆ. ಇಲಿ ಕಾಟ ಅಲ್ವಾ ಟೀಚರಮ್ಮ, ಪುಸ್ತಕ ತಿಂದಾಕ್ತವೆ. ಒಲೆ ಮೇಲೆ ಬಿಸಿಗೆ ಅವು ಬರಲ್ಲ. ಲೈನಲ್ಲಿ ಎಲ್ರೂ ಹಂಗೇ ಕಟ್ಟೋದು."

"ಒಲೆ ಆರಿಸಿದ್ಯಾ?"

"ಎಲ್ಲಿ? ಮಳೆಗೆ ಸೌದೆ ನೆಂದಿತ್ತು. ಬೆಳಗಾಗೋ ತನಕ ಕೊಳ್ಳಿ ಇಟ್ಟಿದ್ದೆ."

ವಿಶಾಲಾಕ್ಷಮ್ಮ ಎದ್ದರು. "ಪೌಲಿನ್, ನಿನ್ನ ಆಲೂಗಡ್ಡೆ ಎಲ್ಲಿ?"

ಟೀ ಕಪ್ಪಿನ ಸೊಟ್ಟ ಮೊಟ್ಟೆ ಬಂತು. ಟೀಚರಮ್ಮ ಅದನ್ನು ಅದೇ ಚೀಲಕ್ಕೆ ಹಾಕಿ, ಅದೇ ಹಗ್ಗದಲ್ಲಿ ಅದೇ ಜಾಗಕ್ಕೆ ಕಟ್ಟಿಸಿದರು. ಆಮೇಲೆ ಬಂಗಲೆಗೆ ಹೇಳಿಕಳಿಸಿದರು: ಹನ್ನೊಂದು ಗಂಟೆಗೆ ಸಾವ್ಕಾರರು ಡಿಸ್ಪೆನ್ಸರಿ ಜಗುಲಿಗೆ ಬರಬೇಕು, ಚೀಲ ಮುಟ್ಟಿದ ಮೂವರು ಗಂಡಸರೂ ಬರಬೇಕು.

ಹನ್ನೊಂದಕ್ಕೆ ದೇರಪ್ಪನವರು ಕುರ್ಚಿಯಲ್ಲಿ ಕೂತು ಗಡಿಯಾರ ನೋಡಿಕೊಂಡರು. "ಟೀಚರಮ್ಮ, ಹನ್ನೆರಡಕ್ಕೆ ಜೀಪು ಹೊರಡುತ್ತೆ. ಪತ್ರದಲ್ಲಿ ಯಾರ ಹೆಸರು ಇರಬೇಕು ಅಂತ ಬೇಗ ಹೇಳಿ. ಕಳ್ಳತನ ಮಾಡಿದ ಹುಡುಗಿಯನ್ನ ನಾನು ಕಳಿಸೋಕಾಗಲ್ಲ."

"ಕಳಿಸಬೇಡಿ. ಕದ್ದಿದ್ರೆ ತಾನೇ?" ಎಂದರು ವಿಶಾಲಾಕ್ಷಮ್ಮ. "ಮೊದಲು ಚೀಲ ನೋಡಿ."

ಮಾರಿ ಚೀಲವನ್ನು ತಂದು ಜಗುಲಿಯ ಮೇಲಿಟ್ಟಳು. ತಳದ ಬಟ್ಟೆ ಅಂಗೈ ಅಗಲ ಎಣ್ಣೆ ಕುಡಿದಂತೆ ನೆಂದಿತ್ತು. ಒಳಗೆ ಮೊಟ್ಟೆ ಇರಲಿಲ್ಲ, ಸಗಣಿಯಂಥ ಒಂದು ಮುದ್ದೆ ಇತ್ತು.

"ಒಲೆ ಮೇಲೆ ಇದು ಇದ್ದದ್ದು ಮೂರು ಗಂಟೆ. ನಿಮ್ಮವರು ಬೆಳಿಗ್ಗೆ ತೆಗೆದ ಮೊಟ್ಟೆ ರಾತ್ರಿಯೆಲ್ಲ ಅಲ್ಲೇ ಇತ್ತಂತೆ. ಆದರೂ ಗುಂಡುಕಲ್ಲಿನ ಹಾಗೆ ಗಟ್ಟಿ, ಲವಂಗದ ಗುರುತು ಕೂಡ ಅಳಿಸಿಲ್ಲ. ಬೆಳಿಗ್ಗೆ ಚೀಲದಲ್ಲಿ ಒಂದು ಜಿಡ್ಡಿನ ಕಲೆ ಇರಲಿಲ್ಲ. ಹಂಗಾದ್ರೆ ಅದು ಚೀಲಕ್ಕೆ ಬಿದ್ದದ್ದು ಯಾವಾಗ? ಒಲೆ ಮೇಲಿಂದ ಇಳಿಸಿದಮೇಲೆ. ಇಟ್ಟವರಿಗೆ ಲೈನಿನವರ ಚೀಲ ಎಲ್ಲಿ ಇರುತ್ತೆ ಅಂತ ಗೊತ್ತಿರಲಿಲ್ಲ. ಮೂಲೆಯಲ್ಲೋ ಮೊಳೆಯಲ್ಲೋ ಇರುತ್ತೆ ಅಂದ್ಕೊಂಡ್ರು. ಒಲೆ ಮೇಲೆ ಕಂಡಮೇಲೂ ಬೆಣ್ಣೆ ಕರಗುತ್ತೆ ಅನ್ನೋದು ತಲೆಗೆ ಹೋಗಲಿಲ್ಲ. ಅಡುಗೆ ಮಾಡಿದ ಕೈಯಾದ್ರೆ ಹೋಗ್ತಿತ್ತು."

ಎಲ್ಲರ ಕಣ್ಣೂ ಕುಟ್ಟಪ್ಪನ ಮೇಲೆ ಹೋಗಿ ಅಲ್ಲಿಂದ ಸರಿಯಿತು.

"ನೋಡಿ ಮತ್ತೆ!" ಕುಟ್ಟಪ್ಪ ಎದೆ ತಟ್ಟಿಕೊಂಡ. "ಮೂವತ್ತು ವರ್ಷ ಬೆಣ್ಣೆ ಕಾಯಿಸಿದ್ದೀನಿ! ಬೆಳಿಗ್ಗೆಯಿಂದ ಸಿಸ್ಟರ್ ನನ್ನ ಕಳ್ಳನ್ನ ನೋಡ್ದಂಗೆ ನೋಡ್ತಾರೆ!"

ಪೌಲಿನ್ ಕಿವಿ ಕೆಂಪಾಯಿತು.

"ಚೀಲ ಮುಟ್ಟಿದವರು ಮೂರು ಜನ" ಎಂದು ವಿಶಾಲಾಕ್ಷಮ್ಮ ಮುಂದುವರಿಸಿದರು. "ಸಣ್ಣಸ್ವಾಮಿ ಇಳಿಸಿದ, ಅವನೂ ಲೈನಲ್ಲೇ ಹುಟ್ಟಿ ಬೆಳೆದವನು, ಅವನ ಮಕ್ಕಳ ಚೀಲವೂ ಒಲೆ ಮೇಲೇ ಇರೋದು. ಬಿಸಿಗೆ ಏನಾಗುತ್ತೆ ಅಂತ ಅವನಿಗೆ ಗೊತ್ತು. ಮಧ್ಯದಲ್ಲಿ ಚೀಲ ಕಸಿದು ಬಾಯಿ ಬಿಚ್ಚಿದವರು ಯಾರು? ಉದ್ದ ತೋಳಿನ ಕೋಟು ಹಾಕಿದವರು ಯಾರು? ಅಷ್ಟಕ್ಕೇ ನಾನು ಯಾರನ್ನೂ ಕಳ್ಳ ಅನ್ನಲ್ಲ. ಸಾವ್ಕಾರ್ರೆ, ಈ ಮೊಟ್ಟೆ ಮೂಸಿ."

ದೇರಪ್ಪನವರು ಮೂಸಿ ಮುಖ ಸಿಂಡರಿಸಿದರು. "ನುಸಿಗುಳಿಗೆ!"

"ಬೆಣ್ಣೆ ಪಕ್ಕದಲ್ಲಿ ಏನಿದ್ರೂ ಅದರ ವಾಸನೆ ಎಳ್ಕೊಳುತ್ತೆ. ನನ್ನ ಅಜ್ಜಿ ಬೆಣ್ಣೆ ಮಡಕೆ ಹತ್ರ ಈರುಳ್ಳಿ ಇಡೋಕೂ ಬಿಡ್ತಿರಲಿಲ್ಲ. ಈ ಎಸ್ಟೇಟಲ್ಲಿ ನುಸಿಗುಳಿಗೆ ಹಾಕೋದು ಒಂದೇ ಕಡೆ, ಆಫೀಸಿನ ಕಬ್ಬಿಣದ ಬೀರು. ಹಾಜರಿ ಪುಸ್ತಕಕ್ಕೆ ಹುಳ ಬೀಳದ ಹಾಗೆ. ನಾಗರಾಜು, ಆ ಬೀಗದಕೈ ನಿಮ್ಮ ಸೊಂಟದಲ್ಲಿದೆ. ಕೊಡಿ."

"ಭಾನುವಾರ ಆಫೀಸು ತೆಗೆಯೋ ಕ್ರಮ ಇಲ್ಲ" ಎಂದ ನಾಗರಾಜು.

"ಕೊಡಯ್ಯ" ಎಂದರು ದೇರಪ್ಪನವರು.

ಮೇಸ್ತ್ರಿ ಬೀಗದಕೈ ಹಿಡಿದು ಆಫೀಸಿಗೆ ಓಡಿಹೋಗಿ ಬಂದ. ಕೈಯಲ್ಲಿ ಪತ್ರಿಕೆ ಸುತ್ತಿದ ಗಂಟು. ಬಿಚ್ಚಿದರೆ ಇಪ್ಪತ್ತಮೂರು ಮೊಟ್ಟೆಗಳು, ಹಾಜರಿ ಪುಸ್ತಕಗಳ ಹಿಂದಿನಿಂದ ಸಿಕ್ಕವು. ಹೊರಗೆ ಎಸೆದರೆ ಕಾಗೆ ನಾಯಿ ಬಯಲಿಗೆಳೆದಾವೆಂದು ನಾಗರಾಜು ಅಲ್ಲಿ ಅಡಗಿಸಿದ್ದ.

"ನಿನ್ನೆ ಮುಸ್ಸಂಜೆ ಪೌಲಿನ್ ಜ್ವರದ ಮಕ್ಕಳಿಗೆ ಔಷಧಿ ಕೊಡೋಕೆ ಹೋಗಿದ್ದಾಗ ತೆಗೆದದ್ದು" ಎಂದರು ವಿಶಾಲಾಕ್ಷಮ್ಮ. "ಯಾಕೆ ಅಂತಲೂ ಹೇಳ್ಲಾ? ಹಾಸ್ಟೆಲ್ ಪತ್ರ ಟೈಪು ಮಾಡಿದ್ದು ಇವರೇ. ಚೋಮಿ ಹೆಸರನ್ನ ತಮ್ಮ ಬೆರಳಲ್ಲೇ ಟೈಪು ಹೊಡೆದರು. ಅವಳ ಹೆಸರು ಹೋದ್ರೆ ಎರಡನೇ ಹೆಸರು ಇವರ ಮಗಳು ಕಾವೇರಿ."

ನಾಗರಾಜು ಒಮ್ಮೆಲೇ ಚೀರಿದ. "ಲೈನಿನ ಹುಡುಗಿ ಓದಿ ಏನು ಮಾಡ್ತಾಳೆ? ನಾಳೆ ಮತ್ತೆ ಕಾಫಿ ಪಿಕಿಂಗಿಗೆ ತಾನೇ ಬರೋದು! ನನ್ನ ಮಗಳು..."

"ನಿಮ್ಮ ಮಗಳಿಗೆ ಏನು ಕಲಿಸಿದ್ರಿ ಇವತ್ತು?" ಪೌಲಿನ್ ಅವನ ಎದುರಿಗೇ ಹೋಗಿ ನಿಂತಿದ್ದಳು. ತನ್ನ ಧ್ವನಿ ಇಷ್ಟು ಜೋರಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. "ಹತ್ತು ವರ್ಷದ ಮಗುವಿಗೆ ಕಳ್ಳಿ ಅಂತ ಹಣೆಪಟ್ಟಿ ಕಟ್ಟೋಕೆ ಮಕ್ಕಳ ತಿಂಡಿಯೇ ಬೇಕಾಯ್ತಾ ನಿಮಗೆ?"

ಅವನು ತಲೆ ತಗ್ಗಿಸಿ ಮೆಟ್ಟಿಲಿಳಿದ. "ನಾಳೆಯಿಂದ ಆಫೀಸಿಗೆ ಬರಬೇಡ" ಎಂದು ದೇರಪ್ಪನವರು ಅವನ ಬೆನ್ನಿಗೆ ಹೇಳಿ, ಪತ್ರಕ್ಕೆ ಸಹಿ ಹಾಕಿ, ಎದ್ದರು.

"ಮಾರಿಗೆ ಒಂದು ಮಾತು ಸಾವ್ಕಾರ್ರೆ" ಎಂದರು ವಿಶಾಲಾಕ್ಷಮ್ಮ.

"ಅದೇ, ಲೈನು ಬಿಡಬೇಕಾಗಿಲ್ಲ."

"ಅವಳ ಮಡಕೆಗಳು ಇನ್ನೂ ಅಂಗಳದಲ್ಲಿ ಒಡೆದು ಬಿದ್ದಿವೆ!" ಎಂದು ಪೌಲಿನ್ ಕೂಗಿದಳು. "ಬಿಡಬೇಕಾಗಿಲ್ಲ ಅಂದ್ರೆ ಮುಗೀತಾ?"

ದೇರಪ್ಪನವರು ಮಾರಿಯ ಕಡೆ ತಿರುಗಿದರು. "ತಪ್ಪಾಯ್ತು ಮಾರಿ" ಎಂದರು. ಮಾರಿ ಜಿಡ್ಡಾದ ಚೀಲವನ್ನು ಎತ್ತಿಕೊಂಡಳು.

ಜೀಪು ಪತ್ರ ಹೊತ್ತು ಇಳಿಜಾರಿನಲ್ಲಿ ಮರೆಯಾದ ಮೇಲೆ ಪೌಲಿನ್ ಚೋಮಿಯ ಮುಂದೆ ಮಂಡಿಯೂರಿದಳು. "ನಾನೂ ನಿನ್ನ ಕೇಳಿಬಿಟ್ಟೆ ಮಗ. ಕೇಳಬಾರದಿತ್ತು."

"ನೀವು ಕೇಳಿದ್ರಿ ನರ್ಸಮ್ಮ" ಎಂದಳು ಚೋಮಿ. "ಅವ್ರು ಕೇಳಲೂ ಇಲ್ಲ."

ಆ ಮಾತು ಪೌಲಿನ್‌ಗೆ ಸಮಾಧಾನ ಕೊಡಲಿಲ್ಲ. ಸಿಟ್ಟು ಒಳಗೆ ಕೆಂಡದ ಹಾಗೆ ಕೂತೇ ಇತ್ತು. ಅವಳು ಮಾರಿಯ ಜೊತೆ ಲೈನಿಗೆ ಹೋಗಿ, ಒಡೆಯದೆ ಉಳಿದ ಪಾತ್ರೆಗಳನ್ನು ಒಂದೊಂದಾಗಿ ಆರಿಸಿ ತೊಳೆದಳು. ಮಾರಿ ಅನ್ನ ಬಸಿದು, ಎಳೆ ಹಲಸಿನಕಾಯಿಯ ಪಲ್ಯ ಮಾಡಿದಳು.

ಲೈನಿನ ಎದುರಿನ ಶಾಲೆಯ ಮೆಟ್ಟಿಲ ಮೇಲೆ ಕಾವೇರಿ ಕೂತಿದ್ದಳು. ರೈಟರ ಮನೆಯ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ತಾಯಿ ಇಲ್ಲದ ಮಗು. ಬೆಳಿಗ್ಗೆಯಿಂದ ಯಾರೂ ಅವಳನ್ನು ಕರೆದಿರಲಿಲ್ಲ, ಅವಳೂ ಯಾರ ಹತ್ತಿರವೂ ಬಂದಿರಲಿಲ್ಲ.

ಮಾರಿ ಮೂರು ತಟ್ಟೆಗೆ ಬಡಿಸಿದಳು, ನಾಲ್ಕನೆಯದಕ್ಕೂ ಬಡಿಸಿದಳು.

"ಅವನ ಮಗಳಿಗಾ?" ಎಂದು ಪೌಲಿನ್ ಬಾಯಿಂದ ಬಂದೇಬಿಟ್ಟಿತು.

ಮಾರಿ ನಾಲ್ಕನೆಯ ತಟ್ಟೆ ಎತ್ತಿಕೊಂಡಳು. ಅಂಗಳ ದಾಟಿ, ಮೆಟ್ಟಿಲ ಹತ್ತಿರ ಹೋಗಿ, ಬಿಸಿ ತಟ್ಟೆಯನ್ನು ಸೆರಗಿನಿಂದ ಹಿಡಿದು ಆ ಹುಡುಗಿಯ ತೊಡೆಯ ಮೇಲಿಟ್ಟಳು.