ಅವನ ಹೆಸರಿನಲ್ಲಿ ಬಂದ ಮೇಲ್

ಬಾಗಿಲು ತೆರೆದವನು ಅವಳ ಮುಖ ನೋಡಿದ, ಕೈಯಲ್ಲಿದ್ದ ಅಳತೆ ಟೇಪ್ ನೋಡಿದ, ಮತ್ತೆ ಮುಖ ನೋಡಿದ.

“ಅಳತೆ ತಗೊಳ್ಳೋಕೆ ಬಂದೆ. ನೀವೇ ಮೇಲ್ ಮಾಡಿದ್ರಲ್ಲ,” ಎಂದಳು.

“ನಾನಾ? ನಾನು ಯಾರಿಗೂ ಬರೆದಿಲ್ಲ.”

ಅವಳು ನಕ್ಕಳು. ಮಾರಾಟಕ್ಕಿಟ್ಟ ಖಾಲಿ ಮನೆಗಳಿಗೆ ಸೋಫಾ, ಪರದೆ, ದೀಪ ತಂದಿಟ್ಟು, ನೋಡಲು ಬಂದವರಿಗೆ ಇಲ್ಲಿ ಯಾರೋ ಸುಖವಾಗಿ ಬಾಳುತ್ತಿದ್ದಾರೆ ಅನಿಸುವಂತೆ ಮಾಡುವುದು ಅವಳೂ ಅವಳ ಅಕ್ಕನೂ ಸೇರಿ ನಡೆಸುತ್ತಿದ್ದ ಕೆಲಸ. ಮನೆ ಮಾರುವ ಗಡಿಬಿಡಿಯಲ್ಲಿ ಜನ ಏನೇನೋ ಮರೆಯುತ್ತಾರೆ. ಫೋನ್ ತೆಗೆದು ತೋರಿಸಿದಳು. ಅವನದೇ ಹೆಸರು, ಇದೇ ವಿಳಾಸ, ಇದೇ ಕಿಟಕಿಯ ಫೋಟೊ. ಊರಲ್ಲಿಲ್ಲ, ಮನೆ ಬೇಗ ಸಜ್ಜಾಗಬೇಕು, ಚೆಕ್ ಕಳಿಸಿದ್ದೇನೆ, ಸಾಮಾನು ಸಾಗಿಸುವವನ ಪಾಲೂ ಅದರಲ್ಲೇ ಇದೆ, ದಯವಿಟ್ಟು ಅವನಿಗೆ ಇವತ್ತೇ ದಾಟಿಸಿಬಿಡಿ.

ಅವನು ಕೊನೆಯವರೆಗೂ ನಿಧಾನವಾಗಿ ಓದಿದ. ಫೋಟೊವನ್ನೂ ಹೆಸರನ್ನೂ ಯಾರೋ ತನ್ನ ಜಾಹೀರಾತಿನಿಂದ ಎತ್ತಿಕೊಂಡಿದ್ದಾರೆ ಎಂದ. ಆಮೇಲೆ, ಕೇಳಬಾರದ್ದನ್ನು ಕೇಳುವವನ ಹಾಗೆ, “ದಾಟಿಸಿಬಿಟ್ರಾ?” ಎಂದ.

ಅವಳು ಆ ಖಾಲಿ ಹಾಲ್‌ನ ನೆಲದ ಮೇಲೆ ಹಾಗೇ ಕೂತುಬಿಟ್ಟಳು.

ಅವನು ಬಾಟಲಿಯಲ್ಲಿ ನೀರು ತಂದುಕೊಟ್ಟ, ಸ್ವಲ್ಪ ದೂರದಲ್ಲಿ ತಾನೂ ನೆಲಕ್ಕೇ ಕೂತ. ಅವಳು ಹೊರಡುವಾಗ ಹೊಸ್ತಿಲಲ್ಲಿ ನಿಂತು ಹೇಳಿದ: “ಇನ್ಮೇಲೆ ನನ್ನ ಹೆಸರಲ್ಲಿ ಏನೇ ಬಂದ್ರೂ ನಂಬಬೇಡಿ. ನಾನೇ ಬರೆದ ಹಾಗಿದ್ರೂ ನಂಬಬೇಡಿ.”

ಖಾತೆಗೆ ಬಂದಂತೆ ಕಂಡಿದ್ದ ಹಣವನ್ನು, ಚೆಕ್ ಸುಳ್ಳೆಂದು, ಬ್ಯಾಂಕ್ ವಾಪಸು ಕಿತ್ತುಕೊಂಡಿತು. ಇಲ್ಲದ ಸಾಗಣೆಯವನಿಗೆ ಹೋದದ್ದು ಅಕ್ಕ ತನ್ನ ಹೆರಿಗೆಗೆಂದು ತೆಗೆದಿಟ್ಟಿದ್ದ ಹಣ. ಅಕ್ಕ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಮೋಸಗಾರ ಇನ್ನೂ ಕರೆ ಮಾಡುತ್ತಿದ್ದನೆಂದು ಹಳೆಯ ಫೋನ್ ನಂಬರನ್ನೇ ಮುಚ್ಚಿಸಿದರು. ಅಂದಿನಿಂದ ಮೇಲ್‌ಗಳನ್ನೆಲ್ಲ ಅಕ್ಕನೇ ಮೊದಲು ಓದತೊಡಗಿದಳು. ತಂಗಿಯಂತೂ ಯಾರ ಮಾತನ್ನೂ ನಂಬದಾದಳು. ಬೆಳಿಗ್ಗೆ ಹಾಲಿನವನು ಚಿಲ್ಲರೆ ಕೊಟ್ಟರೂ ಎರಡು ಸಲ ತಿರುಗಿಸಿ ನೋಡುವಷ್ಟು.

ಕೆಲವು ದಿನಗಳ ಮೇಲೆ ಅವನೇ ಅವರ ಗೋದಾಮಿಗೆ ಬಂದ. ಕನ್ನಡಕದ ಅಂಗಡಿ ನಡೆಸುವವನು. ಮಾತಾಡುವಾಗ ಎದುರಿನವರ ಕಣ್ಣನ್ನು ಪರೀಕ್ಷಿಸುವ ಹಾಗೆ ನೋಡುತ್ತಿದ್ದ. ಮನೆಯನ್ನು ನಿಜಕ್ಕೂ ಸಜ್ಜು ಮಾಡಿಕೊಡಬೇಕಂತೆ.

“ಪಾಪ ಅಂತ ಕೆಲಸ ಕೊಡ್ತಿದ್ದೀರಾ?”

“ಅಷ್ಟು ಒಳ್ಳೆಯವನಲ್ಲ ನಾನು. ಮನೆ ಮಾರಾಟ ಆಗ್ತಿಲ್ಲ.”

ಆ ಮನೆಯ ಹಾಲ್ ಉದ್ದವಾಗಿತ್ತು. ಅವನು ಟೇಪಿನ ತುದಿ ಹಿಡಿದು ಆಚೆ ಗೋಡೆಗೆ ಒತ್ತಿ ನಿಂತ. ಮದುವೆಯಾಗಬೇಕಿದ್ದವಳ ಜೊತೆ ಸೇರಿ ಕೊಂಡ ಮನೆ ಇದು, ಪರದೆಯ ಬಣ್ಣ ಆರಿಸಿದ ಮೇಲೆ ಆಕೆಯ ಮನಸ್ಸು ಬದಲಾಯಿತು ಎಂದು ಅಲ್ಲಿಂದಲೇ ಹೇಳಿದ. ಅವಳು ಅಂಕಿ ಬರೆದುಕೊಂಡಳು. ಯಾವ ಬಣ್ಣ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಕಿಟಕಿಯ ಬಳಿ ಪುಟ್ಟ ಮೇಜು ಹಾಕಿ ಅದರ ಮೇಲೆ ಎರಡು ಕಪ್ ಇಟ್ಟಳು. ಅದು ಅವಳ ಹಳೆಯ ಉಪಾಯ: ಎರಡು ಕಪ್ ಕಂಡರೆ ಸಾಕು, ನೋಡಿದವರು ಉಳಿದ ಸಂಸಾರವನ್ನು ತಾವೇ ಊಹಿಸಿಕೊಳ್ಳುತ್ತಾರೆ. ಮಾರನೆಯ ವಾರ ಧೂಳು ಒರೆಸಲು ಹೋದಾಗ ಬಾಡಿಗೆಯ ಮೇಜಿನ ಮೇಲೆ ದುಂಡನೆಯ ಕಲೆ. ಅಲ್ಲೇ ಇದ್ದ ಅವನು ಸಿಕ್ಕಿಬಿದ್ದ ಕಳ್ಳನಂತೆ ಕಿಟಕಿಯ ಕಡೆ ತಿರುಗಿದ. ಅಂಗಡಿ ಮುಚ್ಚಿದ ಮೇಲೆ ದಿನಾ ಇಲ್ಲಿ ಬಂದು ಕೂರುತ್ತಾನಂತೆ.

“ಟೀ ಕುಡಿದೆ. ಒಂದರಲ್ಲಿ ಮಾತ್ರ. ಇನ್ನೊಂದನ್ನ ಮುಟ್ಟಿಲ್ಲ, ಅದು ನಿಮ್ದು.”

ಅವಳ ಕಿವಿ ಬಿಸಿಯಾಯಿತು. ಮಾತು ಸಿಹಿಯಾಗಿತ್ತು, ಅದೇ ಭಯ. ಆ ಮೇಲ್ ಕೂಡ ಸಿಹಿಯಾಗಿಯೇ ಇತ್ತು. ಒಂದು ಪುಸ್ತಕ ತಂದು ಕಲೆಯ ಮೇಲಿಟ್ಟು, “ಪಾಲಿಶ್ ಖರ್ಚು ನಿಮ್ದೇ,” ಎಂದಳು. ಅವನು ನಕ್ಕ. ಆ ನಗುವನ್ನು ಅವಳು ಮನೆಗೊಯ್ದಳು, ಯಾರಿಗೂ ತೋರಿಸಲಿಲ್ಲ.

ಅವಳ ಕಸುಬಿನ ಶಾಪವೆಂದರೆ ಕೆಲಸ ಚೆನ್ನಾದಷ್ಟೂ ಮನೆ ಬೇಗ ಕೈಬಿಟ್ಟುಹೋಗುತ್ತದೆ. ಎರಡು ಕಪ್‌ಗಳನ್ನು ನೋಡಿ ಮನಸೋತ ಹೊಸ ದಂಪತಿ ಅಂದೇ ಮಾತು ಕೊಟ್ಟುಹೋದರು. ವ್ಯಾನಿಗೆ ಸೋಫಾ ಏರುತ್ತಿದ್ದಾಗ ಅವನು ಬೇರೊಂದು ಊರಿನಲ್ಲಿ ಅಂಗಡಿ ಹಾಕುವ ವಿಷಯ ಹೇಳಿದ. ಒಳ್ಳೆಯದಾಗಲಿ ಎಂದಳು. ಕಪ್‌ಗಳನ್ನು ತಾನೇ ಕೊಳ್ಳಬಹುದೇ ಎಂದು ಕೇಳಿದ. ತಗೊಳ್ಳಿ ಎಂದಳು. ಹೇಳಬೇಕಾದದ್ದು ಇಬ್ಬರ ನಡುವೆ ಇನ್ನೊಂದು ಸಾಮಾನಿನ ಹಾಗೆ ನಿಂತಿತ್ತು. ಅದನ್ನು ಎತ್ತಲು ಯಾರೂ ಕೈ ಹಾಕಲಿಲ್ಲ.

ಅಕ್ಕನಿಗೆ ಮಗಳು ಹುಟ್ಟಿದಳು. ಆಸ್ಪತ್ರೆಯ ಬಿಲ್ಲಿಗೆ ಭಾವ ಸಾಲ ಮಾಡಿದ. ಆಮೇಲೆ ಯಾವ ಖಾಲಿ ಮನೆಯಲ್ಲೂ ತಂಗಿ ಎರಡು ಕಪ್ ಇಡಲಿಲ್ಲ. ಹೂದಾನಿ ಇಟ್ಟು ಸುಮ್ಮನಾದಳು.

ಒಂದು ಮೋಡದ ಮಧ್ಯಾಹ್ನ ಅಕ್ಕ ಒಂದು ಕೈಯಲ್ಲಿ ಮಗುವನ್ನು ತಟ್ಟುತ್ತ, ಇನ್ನೊಂದರಲ್ಲಿ ಫೋನ್ ಹಿಡಿದು ನಗತೊಡಗಿದಳು.

“ಲೇ ಪುಟ್ಟಿ, ನಿನ್ನ ಕಳ್ಳನಿಗೆ ಚೂರೂ ನಾಚಿಕೆ ಇಲ್ಲ ಕಣೇ. ಅದೇ ಹೆಸರಲ್ಲಿ ಮತ್ತೆ ಬರೆದಿದ್ದಾನೆ. ಇದು ಮೂರನೇದು.”

“ಮೂರನೇದಾ?”

“ಮೊದಲಿನವೆರಡನ್ನ ಅಳಿಸಿದೆ. ನಿನಗೆ ಯಾಕೆ ಹೇಳಿ ಹೊಟ್ಟೆ ಉರಿಸೋದು ಅಂತ. ಅದೇ ರಾಗ ನೋಡು, ಬೇರೆ ಊರಲ್ಲಿದ್ದಾನಂತೆ, ಮನೆ ಖಾಲಿ ಇದೆಯಂತೆ, ಮುಂಗಡ ಈಗಲೇ ಕಳಿಸ್ತಾನಂತೆ. ಈ ಸಲ ಕವಿ ಬೇರೆ ಆಗಿದ್ದಾನೆ. ಎರಡನೇ ಕಪ್ ಇನ್ನೂ ಯಾರೂ ಮುಟ್ಟಿಲ್ಲವಂತೆ. ಅಯ್ಯೋ ಪಾಪ.”

ಮಡಚುತ್ತಿದ್ದ ಪರದೆ ಅವಳ ಕೈಯಿಂದ ಜಾರಿತು.

ಅಕ್ಕನ ನಗು ನಿಂತಿತು. ತಂಗಿಯ ಮುಖವನ್ನೇ ನೋಡಿದಳು, ಬಹಳ ಹೊತ್ತು. ಮಗುವನ್ನು ಭುಜದಿಂದ ಭುಜಕ್ಕೆ ಬದಲಿಸಿದಳು. ಕೊನೆಗೆ ಮೆಲ್ಲನೆ ಅಂದಳು: “ಉತ್ತರ ಬರೀಬೇಡ. ಇದರಲ್ಲಿ ವಿಳಾಸ ಇದೆ, ಹೋಗಿ ಬಾಗಿಲು ತೆಗೆಯೋದು ಯಾರು ಅಂತ ನೋಡ್ಕೊಂಡು ಬಾ.”

ಬಸ್ಸಿನ ಕಿಟಕಿಯ ಆಚೆ ಪರಿಚಯವಿಲ್ಲದ ಊರುಗಳು ಬೂದು ಬೆಳಕಿನಲ್ಲಿ ಹಾದುಹೋದವು. ಅವನಲ್ಲದಿದ್ದರೆ ಎಂದು ಹೆದರಿದಳು. ಅವನೇ ಆಗಿದ್ದರೆ ಎಂದೂ ಹೆದರಿದಳು. ಮೂರು ಸಲ ಬರೆದು ಉತ್ತರ ಕಾಣದವನಲ್ಲಿ ಏನು ಉಳಿದಿರುತ್ತದೆ?

ಬಾಗಿಲು ತೆರೆಯಿತು. ಅವನು ಸೊರಗಿದ್ದ. ಅವಳ ಮುಖ ನೋಡಿದ, ಕೈಯಲ್ಲಿದ್ದ ಟೇಪ್ ನೋಡಿದ.

“ನಾನೇ ಬರೆದಿದ್ದು,” ಎಂದ.

ಅವನೇ ಮುಂದುವರಿಸಿದ: “ನಂಬಬೇಡಿ ಅಂತ ನಾನೇ ಹೇಳಿದ್ದೆ. ಮೂರನೇದು ಕಳಿಸಿದ ಮೇಲೆ ನೆನಪಾಯ್ತು.”

“ನಂಬಲಿಲ್ಲ,” ಎಂದಳು. “ಅದಕ್ಕೇ ನೋಡೋಕೆ ಬಂದೆ.”

ಒಳಗೆ ಒಂದೇ ಕುರ್ಚಿ. ಅರ್ಧ ಕಟ್ಟಿದ ಡಬ್ಬಗಳು. ಮನೆ ಬಿಡುವ ತಯಾರಿ ನಡೆದಿತ್ತು. ಕಿಟಕಿಯ ಕಟ್ಟೆಯ ಮೇಲೆ ಎರಡು ಕಪ್, ಒಂದರ ಅಂಚಿನಲ್ಲಿ ತೆಳುವಾದ ಧೂಳು. ಅವಳು ಅದನ್ನು ಎತ್ತಿಕೊಂಡು ಸೆರಗಿನಿಂದ ಒರೆಸಿ ಮತ್ತೆ ಅಲ್ಲೇ ಇಟ್ಟಳು. ಆಮೇಲೆ ಟೇಪನ್ನು ಎಳೆದಳು. ಕೇಳದೆಯೇ ಅವನು ತುದಿ ಹಿಡಿದು ಆಚೆ ಗೋಡೆಗೆ ನಡೆದ.

“ಎಷ್ಟು?” ಎಂದ ಅಲ್ಲಿಂದ.

ಅವಳು ಬಗ್ಗಿ ನೋಡಿದಳು. ಅಂಕಿಗಳೆಲ್ಲ ನೀರಿನೊಳಗೆ ಮುಳುಗಿದಂತಿದ್ದವು.

“ಕಾಣ್ತಿಲ್ಲ.”

ಅವನು ತುದಿಯನ್ನು ಬಿಡದೆಯೇ ಗೋಡೆಯಿಂದ ಹೊರಟ. ಒಂದೊಂದು ಹೆಜ್ಜೆಗೂ ಟೇಪು ಸದ್ದಿಲ್ಲದೆ ಅವಳ ಅಂಗೈಯೊಳಗೆ ಸುತ್ತಿಕೊಳ್ಳುತ್ತ ಬಂತು.