ಕಣ್ಣಿನ ವ್ಯಾನಿಗೊಂದು ಆಂಟೆನಾ

"ರಾತ್ರಿ ವ್ಯಾನಿನೊಳಗ ಮಲಗ್ತೀರೇನ್ರಿ?"

ಗುರುದೇವಿಯ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು.

ಶಹಾಪುರ ಬಸ್ ನಿಲ್ದಾಣದ ಎದುರಿಗೆ ರೌಟರ್, ಆಂಟೆನಾ ಮಾರುವ ಆ ಸಣ್ಣ ಅಂಗಡಿಯಲ್ಲಿ ಅವಳು ಕೂತು ಇನ್ನೂ ಕಾಲು ಗಂಟೆಯಾಗಿರಲಿಲ್ಲ. ಅಂಗಡಿಯವನ ಹೆಸರು ಬಸವಕುಮಾರ ಅನ್ನುವುದು ಬಿಟ್ಟರೆ ಅವನ ಬಗ್ಗೆ ಅವಳಿಗೆ ಏನೂ ಗೊತ್ತಿರಲಿಲ್ಲ. ಅಂಥವನು ಕೇಳುವ ಮಾತೇ ಇದು?

"ಏನಂದ್ರಿ?"

"ಅಲ್ರಿ... ವ್ಯಾನಿನೊಳಗ ಮಲಗ್ತೀರೋ, ಊರಾಗ ಯಾರರ ಮನಿಗೆ ಹೋಗ್ತೀರೋ ಅಂತ..."

"ನಾ ಎಲ್ಲಿ ಮಲಗಿದ್ರ ನಿಮಗೇನ್ರಿ? ರೌಟರ್ ಮಾರಾಕ ಕುಂತೀರೋ, ಹೆಣ್ಮಕ್ಕಳ ಠಿಕಾಣಿ ಕೇಳಾಕ ಕುಂತೀರೋ?"

ಅವನ ಕಿವಿ ಕೆಂಪಾದವು.

"ಬ್ಯಾಟರಿ ಸಲುವಾಗಿ ಕೇಳಿದ್ನಿ ಮೇಡಂ! ರಾತ್ರಿಯೆಲ್ಲಾ ಫ್ಯಾನು, ದೀಪ ಹಚ್ಚಿದ್ರ ಮುಂಜಾನಿ ರೌಟರಿಗೆ ಕರೆಂಟ್ ಉಳಿಯಂಗಿಲ್ಲ. ವ್ಯಾನಿನೊಳಗ ಇರೂದಾದ್ರ ದೊಡ್ಡ ಬ್ಯಾಟರಿ ಬೇಕಾಗ್ತದ. ಅಷ್ಟೇ."

ಮಾತು ಸರಿಯೇ ಇತ್ತು. ಆದರೆ ಸಿಟ್ಟು ಬಂದ ಮೇಲೆ ಸರಿಯಾದ ಮಾತು ಇನ್ನಷ್ಟು ಸಿಟ್ಟು ತರಿಸುತ್ತದೆ. ಗುರುದೇವಿ ಮುಖ ತಿರುಗಿಸಿ ಕೂತಳು.

ಅವಳದು ಕಣ್ಣಿನ ವ್ಯಾನು. ಕಲಬುರಗಿಯ ಒಂದು ಟ್ರಸ್ಟ್ ಮೂರು ತಿಂಗಳ ಪ್ರಯೋಗಕ್ಕೆಂದು ಕೊಟ್ಟಿತ್ತು. ಒಳಗೆ ಕಣ್ಣಿನ ಫೋಟೊ ತೆಗೆಯುವ ಯಂತ್ರ, ಹಗಲು ಬೆಂಚು ರಾತ್ರಿ ಹಾಸಿಗೆಯಾಗುವ ಎರಡು ಹಲಗೆ, ಮೂಲೆಯಲ್ಲೊಂದು ಗ್ಯಾಸ್ ಒಲೆ. ಜೊತೆಗೆ ಅಡುಗೆಗೂ ಆಸರೆಗೂ ಅವಳ ಚಿಕ್ಕಮ್ಮ, ಅವಳು ಚಿಗವ್ವ ಎನ್ನುವ ಕಲ್ಯಾಣಮ್ಮ. ವ್ಯಾನು ಓಡಿಸುವವನು ಸರದಾರಸಾಬ.

ಊರೂರಿಗೆ ಹೋಗಿ ಅವಳು ಕಣ್ಣಿನ ಫೋಟೊ ಕಳಿಸಬೇಕು, ಕಲಬುರಗಿಯ ಡಾಕ್ಟರು ಆಗಿಂದಾಗ ನೋಡಿ ಉತ್ತರ ಕೊಡಬೇಕು. ನೆಟ್ ಇಲ್ಲದಿದ್ದರೆ ಆ ವ್ಯಾನು ನಾಲ್ಕು ಗಾಲಿಯ ಅಡುಗೆಮನೆ, ಅಷ್ಟೆ.

ಗುರುದೇವಿ ಮೊಬೈಲ್ ಮುಂದೆ ಹಿಡಿದಳು. ವಿಡಿಯೋದಲ್ಲಿ ಯಾರೋ ದೊಡ್ಡ ಗಾಡಿಯ ನೆತ್ತಿಗೆ ಉಪಗ್ರಹದಿಂದ ನೆಟ್ ಹಿಡಿಯುವ ಬಿಳಿ ತಟ್ಟೆ ಕೂರಿಸಿದ್ದರು.

"ನನಗ ಇದು ಬೇಕು."

"ಛಲೋ ಅದ್ರಿ. ಆದ್ರ ನಿಮಗ ಬ್ಯಾಡ."

"ಯಾಕ? ನಮ್ಮಂಥವರಿಗೆ ಛಲೋದು ಬ್ಯಾಡೇನು?"

"ಇದಕ್ಕ ಮ್ಯಾಲ ಬಟಾಬಯಲು ಆಕಾಶ ಬೇಕ್ರಿ. ನೀವು ಬಿಸಲಾಗ ಬೇವಿನ ಗಿಡ ಹುಡುಕಿ ನಿಂದ್ರಸ್ತೀರಿ. ಮತ್ತ ಕರೆಂಟ್ ಕುಡೀತದ, ಎಮ್ಮಿ ನೀರ್ ಕುಡಿದಂಗ."

"ಹಂಗಾದ್ರ ಸಿಗ್ನಲ್ ಜೋರ್ ಮಾಡೋ ಬೂಸ್ಟರ್ ಕೊಡ್ರಿ."

"ಬಾವ್ಯಾಗ ನೀರೇ ಇಲ್ಲಂದ್ರ ಹಗ್ಗ ಉದ್ದ ಮಾಡಿ ಏನ್ ಮಾಡ್ತೀರಿ?" ಅವನು ಒಂದು ಕಪ್ಪು ಡಬ್ಬಿ ಎದುರಿಗಿಟ್ಟ. "ಎರಡು ಕಂಪನಿ ಸಿಮ್ ಹಿಡಿಯೋ ರೌಟರ್. ಒಂದು ಊರಾಗ ಒಂದು ಸಿಮ್ ಸತ್ರ ಇನ್ನೊಂದು ಏಳ್ತದ. ಗಾಡಿ ಬ್ಯಾಟರಿ ಮ್ಯಾಲೇ ನಡೀತದ. ನೆತ್ತಿ ಮ್ಯಾಲ ಆಂಟೆನಾ ಹಾಕ್ತೀನಿ. ತಗಡಿನೊಳಗ ಸಿಗ್ನಲ್ ಬರಂಗಿಲ್ಲ ಮೇಡಂ. ಇದೊಂದು ಮಾತು ನೆಪ್ಪಿಡ್ರಿ."

'ಎಷ್ಟು ಮಾತಾಡ್ತಾನಪ್ಪಾ ಇವ!' ಎಂದುಕೊಂಡಳು. ಆದರೂ ಅವನು ಹೇಳಿದಂತೆ ತಾನು ಹೋಗುವ ಹನ್ನೊಂದು ಊರುಗಳ ಹೆಸರು ಬರೆದುಕೊಟ್ಟಳು. ಸೋಮವಾರ ಕಡೇಚೂರು... ಶುಕ್ರವಾರ ಬೋನಾಳ...

ಸಂಜೆಗೆ ಜೋಡಣೆ ಮುಗಿಯಿತು. ಪರೀಕ್ಷೆಗೆ ಒಂದು ಕಣ್ಣು ಬೇಕಿತ್ತಲ್ಲ, ಅವನೇ ಕೂತ.

"ಗದ್ದ ಇಲ್ಲಿಡ್ರಿ. ಮಿಟುಕಬ್ಯಾಡ್ರಿ."

ಅವನು ಮಿಟುಕಲಿಲ್ಲ. ಪರದೆಯ ತುಂಬ ಅವನ ಕಣ್ಣು. ಸಾವಿರ ಕಣ್ಣು ನೋಡಿದವಳು ಈ ಒಂದು ಕಣ್ಣಿನ ಫೋಟೊ ಯಾಕೋ ಮೂರು ಸಲ ತೆಗೆದಳು!

ಎರಡೇ ನಿಮಿಷಕ್ಕೆ ಡಾಕ್ಟರ ಉತ್ತರ ಬಂತು. ಕಣ್ಣಿನಲ್ಲಿ ಯಾವ ದೋಷವೂ ಇಲ್ಲ.

"ನೋಡಿದ್ರೇನ್ರಿ?" ಎಂದು ಅವನು ನಕ್ಕ. ಅವಳೂ ನಗುವವಳಿದ್ದಳು. ಬೆಳಗಿನ ಪ್ರಶ್ನೆ ನೆನಪಾಯಿತು, ತುಟಿ ಬಿಗಿಹಿಡಿದಳು.

ಮರುದಿನ ಹೊರಡುವ ಮುಂಚೆ ಚಿಗವ್ವ ಗಾಲಿಗೆ ಕಾಯಿ ಒಡೆದಳು, ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದಳು. ಸರದಾರಸಾಬನನ್ನು ಮೇಲೆ ಹತ್ತಿಸಿ, ಸುಣ್ಣದ ಚುಕ್ಕೆಯಿಟ್ಟ ದೃಷ್ಟಿಯ ಕರಿ ಗಡಿಗೆಯನ್ನೂ ಬೋರಲು ಇಡಿಸಿದಳು. ಹೊಲದಲ್ಲಿ, ಹೊಸ ಮನೆಯ ಮೇಲೆ ದಿನಾ ಕಾಣುವಂಥದ್ದೇ. ಗುರುದೇವಿ ಕೆಳಗಿನಿಂದ ಒಮ್ಮೆ ನೋಡಿದಳು, ಮರೆತಳು.

*

ಕಡೇಚೂರಿನಲ್ಲಿ ಕಾರ್ಖಾನೆಯ ಕೂಲಿಗಳು ಒಂದು ದಿನದ ಕೆಲಸ ಬಿಟ್ಟು ಸಾಲು ನಿಂತಿದ್ದರು. ಗುರುದೇವಿ ಫೋಟೊ ತೆಗೆದಳು. ಕಳಿಸಿದಳು.

ಹೋಗಲಿಲ್ಲ.

ರೌಟರಿನ ಕೆಂಪು ದೀಪ ಅವಳನ್ನೇ ಅಣಕಿಸುವಂತೆ ಮಿಣುಕುತ್ತಿತ್ತು. ಒಂದು ಗಂಟೆ... ಎರಡು ಗಂಟೆ... ಕೊನೆಗೆ ಒಬ್ಬ ಹೆಣ್ಣುಮಗಳು ಸೆರಗು ಝಾಡಿಸಿ ಎದ್ದಳು. "ಬಡವರ ಪಗಾರ ಅಂದ್ರ ನಿಮಗ ಆಟ ಆಗ್ಯಾದೇನ್ರಿ?"

ಗುರುದೇವಿ ತಲೆ ತಗ್ಗಿಸಿದಳು. ಆ ಮಾತು ತನಗೆ ಸಲ್ಲಬೇಕಾದ್ದಲ್ಲ... ಶಹಾಪುರದಲ್ಲಿ ಕೂತವನಿಗೆ ಸಲ್ಲಬೇಕು!

ಸುರಪುರ ಪೇಟೆಯೊಳಗೆ ಬಂದರೆ ದೀಪ ಒಂದಿಷ್ಟು ಹಸಿರಾಗುತ್ತಿತ್ತು. ಊರು ದಾಟಿದರೆ ಮತ್ತೆ ಕೆಂಪು. ಶುಕ್ರವಾರ ಬೋನಾಳದಲ್ಲೂ ಅದೇ. ಅಲ್ಲಿ ಅಂಬ್ರಪ್ಪ ಎಂಬ ಮುದುಕ ಎಡಗಣ್ಣು ಮುಚ್ಚಿಕೊಂಡು ಸಂಜೆಯತನಕ ಕೂತಿದ್ದ.

"ಈ ಕಣ್ಣಿಗೆ ಹೊಗಿ ತುಂಬಿದಂಗ ಆಗ್ಯಾದ ಮಗಳ. ಇದು ಪೂರಾ ಆರೂದ್ರೊಳಗ ನಿನ್ನ ಡಬ್ಬಿ ನಡೀತದೇನವ್ವಾ?"

ಗುರುದೇವಿ ಹೊರಗೆ ಬಂದು ಬಸವಕುಮಾರನಿಗೆ ಫೋನು ಮಾಡಿದಳು.

"ಏನು ಮಾರೀರಿ ನನಗ? ಮೊಬೈಲ್ ಕೈಯಾಗ ಹಿಡಿದ್ರ ಮಾತಾಡಾಕಾದ್ರೂ ಎರಡು ಕಡ್ಡಿ ಬರ್ತಾವ, ನಿಮ್ಮ ಡಬ್ಬಿಗೆ ಒಂದೂ ಇಲ್ಲ!"

"ಆಂಟೆನಾಕ್ಕ ಏನರ ಅಡ್ಡ ಅದ ಏನ್ರಿ? ಗಿಡ, ತಗಡಿನ ಶೆಡ್ಡು..."

"ಬಯಲಾಗ ನಿಂತೀನಿ! ಮ್ಯಾಲ ಆಕಾಶ ಬಿಟ್ರ ಏನೂ ಇಲ್ಲ!"

"ಹಂಗಾದ್ರ ನಾನೇ ಬರ್ತೀನಿ. ರಾತ್ರಿ ಎಲ್ಲಿ ಇರ್ತೀರಿ..."

"ಮತ್ತ ರಾತ್ರಿ!"

ಫೋನು ಕಡಿದಳು. ನಂಬರನ್ನೇ ಬ್ಲಾಕ್ ಮಾಡಿದಳು. ಕಣ್ಣಲ್ಲಿ ನೀರು ಬಂದದ್ದು ಸಿಟ್ಟಿಗೆ... ಬರೀ ಸಿಟ್ಟಿಗೆ ಎಂದು ತನಗೆ ತಾನೇ ಹೇಳಿಕೊಂಡಳು.

ಮರುದಿನ ಟ್ರಸ್ಟಿನವರಿಂದ ಸುದ್ದಿ ಬಂತು. ಬರುವ ಶುಕ್ರವಾರ ಬೋನಾಳಕ್ಕೆ ಬಂದು ನೋಡುತ್ತೇವೆ. ಅಂದೂ ಫೋಟೊ ಹೋಗದಿದ್ದರೆ ವ್ಯಾನನ್ನು ಬೇರೆ ಜಿಲ್ಲೆಗೆ ಕಳಿಸುತ್ತೇವೆ.

ಮಂಗಳವಾರ ಶಹಾಪುರದ ಮೇಲೆ ಹಾದು ಹೋಗುವಾಗ ಸರದಾರಸಾಬನನ್ನು ಅಂಗಡಿಗೆ ಕಳಿಸಿದಳು. ಅವನು ಬರಿಗೈಯಲ್ಲಿ ಬಂದ.

"ಶಟರ್ ಬಂದ್ ಅದ ಬೇಟಿ. ಬಸವಕುಮಾರ ನಾಲ್ಕು ದಿನದಿಂದ ಬಂದಿಲ್ಲಂತ."

"ಓಡಿ ಹೋಗ್ಯಾನ!" ಗುರುದೇವಿ ಕಣ್ಣೊರೆಸಿಕೊಂಡಳು. "ಕಣ್ಣಾಗ ಕಣ್ಣಿಟ್ಟು ನೋಡಿದ್ನಲ್ಲ ಚಾಚಾ ನಾನು... ಒಂದು ಚೂರೂ ಮೋಸ ಕಾಣಲಿಲ್ಲ!"

ಕಲ್ಯಾಣಮ್ಮ ರೊಟ್ಟಿ ಬಡಿಯುವುದು ನಿಲ್ಲಿಸಿ ಮಗಳ ಮುಖ ನೋಡಿದಳು. ಡಬ್ಬಿ ಕೆಟ್ಟಿದ್ದಕ್ಕೆ ಯಾರೂ ಹೀಗೆ ಅಳುವುದಿಲ್ಲ ಅನ್ನುವುದು ಆಕೆಗೆ ತಿಳಿಯದ್ದೇನಲ್ಲ.

*

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆ. ಬೋನಾಳದ ಕೆರೆಯ ಏರಿಯ ಪಕ್ಕ ವ್ಯಾನು ನಿಂತಿತ್ತು. ನೀರಿನ ಮೇಲೆ ಹಕ್ಕಿಗಳ ಗದ್ದಲ, ನೆಲದ ಮೇಲೆ ಜನರ ಗದ್ದಲ. ಟ್ರಸ್ಟಿನವರು ಬರಲು ಒಂದೇ ಗಂಟೆ. ರೌಟರಿನ ದೀಪ ಕೆಂಪಗೇ ಇತ್ತು.

ಆಗ ಧೂಳೆಬ್ಬಿಸುತ್ತ ಒಂದು ಬೈಕು ಬಂತು.

ಬಸವಕುಮಾರ! ಗಡ್ಡ ಬೆಳೆದಿತ್ತು, ಅಂಗಿ ಮಣ್ಣಾಗಿತ್ತು, ಮುಖ ಬಿಸಿಲಿಗೆ ಕಪ್ಪಾಗಿತ್ತು.

"ಮೇಡಂ, ಒಂದು ನಿಮಿಷ ಮ್ಯಾಲ ಹತ್ತಿ ನೋಡ್ತೀನಿ..."

"ಏಣಿ ಮುಟ್ಟಬ್ಯಾಡ್ರಿ!"

ಸಾಲಿನಲ್ಲಿದ್ದವರೆಲ್ಲ ತಿರುಗಿದರು.

"ಈಗ ಬಂದ್ರೇನು? ಅಂಗಡಿ ಮುಚ್ಚಿ ಎಲ್ಲಿ ಅಡಗಿದ್ರಿ? ಈ ಅಜ್ಜ ನೋಡ್ರಿ, ಎರಡನೇ ಸಲ ಬಂದಾನ! ಕಡೇಚೂರಾಗ ಒಬ್ಬಾಕಿ ನನ್ನ ಮಾರಿ ಮ್ಯಾಲ ಥೂ ಅನ್ನೂದೊಂದು ಬಾಕಿ ಇತ್ತು! ನಿಮಗ ಇದು ಒಂದು ಗಿರಾಕಿ. ಇವರಿಗೆ ಕಣ್ಣು ರೀ, ಕಣ್ಣು!"

"ಬೈರಿ. ಆಮ್ಯಾಲ ಎಷ್ಟ ಬೇಕಾದ್ರೂ ಬೈರಿ. ಮೊದಲ ಆಂಟೆನಾ..."

"ಆಂಟೆನಾ ಬೇಕೇನು? ನಾನೇ ಕಿತ್ತು ಕೊಡ್ತೀನಿ, ತಗೊಂಡು ನಡೀರಿ!"

ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಏಣಿ ಹತ್ತಿದಳು. ನೆತ್ತಿಯ ಕಂಬಿ ದಾಟಿ ಕೈ ಚಾಚಿದಳು. ಆಂಟೆನಾ ಕಾಣಲಿಲ್ಲ. ಅದಿರಬೇಕಾದ ಜಾಗದಲ್ಲಿ, ಕಂಬಿಗೆ ತಂತಿಯಿಂದ ಬಿಗಿದು ಬೋರಲು ಕೂತಿತ್ತು ದೃಷ್ಟಿಯ ಕರಿ ಗಡಿಗೆ.

ಮುಟ್ಟಿದಳು. "ಹಾ!"

ಕೈ ಸುಟ್ಟಿತು.

ಮಣ್ಣಿನ ಗಡಿಗೆ ಹೀಗೆ ಸುಡುತ್ತದೆಯೇ? ಉಗುರಿನಿಂದ ಕೆರೆದಳು. ಮಸಿಯ ಕೆಳಗೆ ಬೆಳ್ಳಗೆ ಹೊಳೆಯಿತು. ಅಲ್ಯೂಮಿನಿಯಂ ಬೋಗುಣಿ! ಚಿಗವ್ವನ ಅನ್ನದ ಹಳೇ ಬೋಗುಣಿ!

'ತಗಡಿನೊಳಗ ಸಿಗ್ನಲ್ ಬರಂಗಿಲ್ಲ ಮೇಡಂ. ಇದೊಂದು ಮಾತು ನೆಪ್ಪಿಡ್ರಿ...'

ತಂತಿ ಬಿಚ್ಚಿದಳು, ವೇಲಿನ ತುದಿಯಲ್ಲಿ ಹಿಡಿದು ಬೋಗುಣಿ ಎತ್ತಿದಳು. ಒಳಗೆ ಆಂಟೆನಾ ನೆಟ್ಟಗೆ ನಿಂತಿತ್ತು.

ಕೆಳಗಿನಿಂದ ಕಲ್ಯಾಣಮ್ಮನ ಕೂಗು ಬಂತು. "ಏ ದೇವೀ! ದೀಪ ಹಸರ ಆತು! ಕುಂಯ್ ಕುಂಯ್ ಅನ್ನಾಕತ್ತದ ನೋಡ!"

ಹೋಗದೆ ಕೂತಿದ್ದ ಫೋಟೊಗಳೆಲ್ಲ ಒಂದರ ಹಿಂದೊಂದು ಕಲಬುರಗಿಗೆ ಹೊರಟಿದ್ದವು.

ಗುರುದೇವಿ ಬೋಗುಣಿ ಹಿಡಿದು ಇಳಿದಳು. ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದಳು.

"ಚಿಗವ್ವಾ... ಇದನ್ನ ಯಾಕ ಹೊಚ್ಚಿದಿ?"

"ಮತ್ತ? ಮೊಲದ ಕಿವಿ ಹಂಗ ನಿಂತಿತ್ತು, ಮಂದಿ ಕಣ್ಣೆಲ್ಲಾ ಅದರ ಮ್ಯಾಲೇ. ಮಣ್ಣಿನ ಗಡಿಗಿ ಇಟ್ರ ಈ ಸರದಾರನ ಓಟಕ್ಕ ಉಳೀತದೇನು? ಅದಕ್ಕ ಬೋಗುಣಿಗೆ ಮಸಿ ಹಚ್ಚಿದೆ. ದೃಷ್ಟಿಗೇನು ತಿಳೀತದ!"

"ತಂತಿ ನಾನೇ ಬಿಗಿದೀನಿ," ಎಂದ ಸರದಾರಸಾಬ ತಲೆ ಕೆರೆಯುತ್ತ. "ಪಕ್ಕಾ ಬಿಗಿದೀನಿ ಬೇಟಿ."

ಸಾಲಿನಲ್ಲಿ ಅಂಬ್ರಪ್ಪ ಮೊದಲು ನಕ್ಕ. ಆಮೇಲೆ ಇಡೀ ಏರಿಯೇ ನಕ್ಕಿತು. ಬಸವಕುಮಾರ ಮಾತ್ರ ನಗಲಿಲ್ಲ. ಅವಳ ಸುಟ್ಟ ಬೆರಳು ನೋಡಿ, ಬೈಕಿನಲ್ಲಿದ್ದ ನೀರಿನ ಬಾಟಲಿ ತಂದು ಮೆಲ್ಲಗೆ ಸುರಿದ.

*

ಟ್ರಸ್ಟಿನವರು ಬಂದರು, ನೋಡಿದರು, ತಲೆದೂಗಿ ಹೋದರು. ವ್ಯಾನು ಇಲ್ಲೇ ಉಳಿಯಿತು. ಅಂಬ್ರಪ್ಪನ ಫೋಟೊ ನೋಡಿದ ಡಾಕ್ಟರು ಈ ವಾರವೇ ಕರೆತನ್ನಿ, ಕಣ್ಣು ಉಳಿಯುತ್ತದೆ ಎಂದರು. ಮುದುಕ ಆ ಮಾತನ್ನು ಮೂರು ಸಲ ಹೇಳಿಸಿಕೊಂಡು ಕೇಳಿದ.

ಜನ ಕರಗಿದ ಮೇಲೆ ಗುರುದೇವಿ ಏರಿಯ ಮೇಲೆ ಬಂದಳು. ಅವನು ಕೆರೆ ನೋಡುತ್ತ ಕೂತಿದ್ದ. ತಪ್ಪಾಯಿತು ಅನ್ನಲು ಬಂದವಳ ಬಾಯಿಂದ ಮತ್ತೆ ಬೈಗುಳವೇ ಹೊರಟಿತು!

"ಒಂದು ವಾರ ಎಲ್ಲಿ ಹೋಗಿದ್ರಿ? ಒಂದು ಮಾತು ಹೇಳಬಾರದೇನ್ರಿ?"

"ಹೆಂಗ್ ಹೇಳ್ಲಿ? ನಂಬರ್ ಬ್ಲಾಕ್ ಮಾಡೀರಿ."

ಅವಳು ಅವನ ಪಕ್ಕ ಕೂತಳು.

ಅವನು ಜೇಬಿನಿಂದ ಒಂದು ಸಣ್ಣ ನೋಟ್‌ಬುಕ್ ತೆಗೆದು ಕೊಟ್ಟ. "ಬಯಲಾಗ ನಿಂತೀನಿ ಅಂದ್ರಲ್ಲ. ಹಂಗಾದ್ರ ಡಬ್ಬ್ಯಾಗಿನ ಸಿಮ್ ಆ ಊರಾಗ ಹಿಡಿಯಂಗಿಲ್ಲೇನೋ ಅನ್ನಕೊಂಡ್ನಿ. ನೀವು ಬರದು ಕೊಟ್ಟ ಹನ್ನೊಂದೂ ಊರು ತಿರುಗಿ ನೋಡಿಬಂದ್ನಿ."

ಪುಟಕ್ಕೊಂದು ಊರು. ಯಾವ ಸಿಮ್ ಎಲ್ಲಿ ಹಿಡಿಯುತ್ತದೆ, ಯಾವ ಗಿಡದಿಂದ ಎಷ್ಟು ಹೆಜ್ಜೆ ಈಚೆ ನಿಲ್ಲಿಸಬೇಕು... ಪ್ರತಿ ಪುಟದ ಕೊನೆಗೆ ಇನ್ನೊಂದು ಸಾಲು ಇತ್ತು.

'ರಾತ್ರಿ ನಿಲ್ಲಿಸಲು: ಶಾಲೆಯ ಕಾಂಪೌಂಡ್. ದೀಪ ಇದೆ, ನಲ್ಲಿ ಇದೆ. ಎದುರು ಮನೆಯವರು ಒಳ್ಳೆಯವರು, ಮಾತಾಡಿದ್ದೇನೆ.'

ಹನ್ನೊಂದು ಪುಟ. ಹನ್ನೊಂದು ರಾತ್ರಿಯ ಜಾಗ.

ಅಕ್ಷರಗಳು ಮಸುಕಾದವು. ರಾತ್ರಿ ಎಲ್ಲಿ ಇರುತ್ತೀರಿ ಎಂದು ಕೇಳಿದವನ ಮೇಲೆ ಎಷ್ಟು ಸಿಟ್ಟು ಮಾಡಿದ್ದೆ! ಅಪ್ಪ ಹೋದ ಮೇಲೆ ಆ ಪ್ರಶ್ನೆಯನ್ನು ಕಾಳಜಿಯಿಂದ ಕೇಳಿದವರು ಯಾರಿದ್ದರು?

"ನಿಮ್ಮ ಕಣ್ಣಾಗ ಏನೂ ದೋಷ ಇಲ್ಲಂತ ಡಾಕ್ಟರ್ ಆವತ್ತೇ ಹೇಳಿದ್ರು," ಎಂದಳು ತಡವರಿಸುತ್ತ. "ನಾನೇ ನಂಬಲಿಲ್ಲ. ತಪ್ಪಾತ್ರಿ."

"ಈಗ ನಂಬ್ತೀರೇನು?"

ತಲೆಯಾಡಿಸಿದಳು. ಕೆರೆಯ ಮೇಲೆ ಒಂದು ಹಿಂಡು ಹಕ್ಕಿ ಎದ್ದು, ಸುತ್ತು ಹೊಡೆದು, ಅಲ್ಲೇ ಇಳಿಯಿತು.

"ಆ ಬೋಗುಣಿ ನನಗ ಕೊಡ್ರಿ," ಎಂದ ಅವನು.

"ಯಾಕ?"

"ನಮ್ಮ ಮನಿ ಬಾಗಲಿಗೆ ಕಟ್ಟತೀನಿ."

"ನಿಮ್ಮ ಮನಿಗೆ ಯಾರ ದೃಷ್ಟಿ ಬೀಳ್ತದ್ರಿ?"

"ಈಗ ಯಾರದೂ ಇಲ್ಲ..." ಅವನ ಕಿವಿ ಮತ್ತೆ ಕೆಂಪಾದವು. "ನೀವು ಬಂದ ಮ್ಯಾಲ ಊರ ಮಂದಿದೆಲ್ಲಾ ಬೀಳ್ತದ. ಬರ್ತೀರೇನ್ರಿ?"

ಗುರುದೇವಿ ನೋಟ್‌ಬುಕ್ಕನ್ನು ಎದೆಗೊತ್ತಿ ಹಿಡಿದಳು. ನಗುವೂ ಅಳುವೂ ಕೂಡಿ ಬಂದವು.

"ಚಿಗವ್ವನ್ನ ಕೇಳ್ರಿ. ಬೋಗುಣಿ ಆಕಿದು..." ಅವನ ಮುಖ ಸಪ್ಪಗಾದದ್ದು ಕಂಡು ಮೆಲ್ಲಗೆ ಅಂದಳು. "ನಾನಂತೂ ಬರ್ತೀನಿ. ಆದ್ರ ವಾರಕ್ಕ ಐದು ದಿನ ಊರೂರು ತಿರಗ್ತೀನಿ, ಹೇಳೀನಿ ನೋಡ್ರಿ."

"ತಿರಗ್ರಿ. ದಿನಾ ಸಂಜಿಗೆ ಫೋನ್ ಮಾಡ್ತೀನಿ, ಒಂದೇ ಮಾತು ಕೇಳ್ತೀನಿ."

"ಯಾವ ಮಾತು?"

ಅವನು ನಕ್ಕ. ಅವಳಿಗೆ ಗೊತ್ತಾಯಿತು. ಮೊಬೈಲ್ ತೆಗೆದು, ಅವನೆದುರಿಗೇ ಅವನ ನಂಬರಿನ ಬ್ಲಾಕ್ ತೆಗೆದಳು.

"ಕೇಳ್ರಿ," ಎಂದಳು. "ಈ ಸಲ ಸಿಟ್ಟಾಗಂಗಿಲ್ಲ."